ಬಟ್ಟೆಯೊಳಗಿರೋದು ದೆವ್ವ ಅಲ್ಲ, ಅಮ್ಮ

ರೀಲ್ಸ್ ನೋಡ್ತಾ ಇರುವಾಗ ಇಂಥ ಫೋಟೋ ನಿಮಗೂ ಸಿಕ್ಕಿರುತ್ತೆ. ನೂರೈವತ್ತು ವರ್ಷ ಹಳೇದು, ಇಂಗ್ಲೆಂಡ್ ಅಥವಾ ಅಮೆರಿಕದ್ದು. ಲೇಸಿನ ಫ್ರಾಕ್ ಹಾಕಿದ ಮಗು ಮುಖ ಬಿಗಿದುಕೊಂಡು ಕೂತಿದೆ. ಹಿಂದೆ ಕಪ್ಪು ಬಟ್ಟೆ ಹೊದ್ದ ಆಕೃತಿ. ‘ಸತ್ತ ಮಗುವಿನ ಫೋಟೋ’ ಅಂತ ಕ್ಯಾಪ್ಶನ್. ಜೊತೆಗೆ ಹಾರರ್ ಮ್ಯೂಸಿಕ್ ಬೇರೆ.

ಆದರೆ ಇಂಥ ಎಷ್ಟೋ ಫೋಟೋಗಳಲ್ಲಿ ಮಗು ಬದುಕೇ ಇತ್ತು. ಬಟ್ಟೆಯೊಳಗೆ ಇದ್ದದ್ದು ಅಮ್ಮ, ಇಲ್ಲವೇ ಮಗು ನೋಡಿಕೊಳ್ಳೋ ದಾದಿ.

ಯಾಕೆ ಹೀಗೆ? 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ‘ವೆಟ್ ಕೊಲೋಡಿಯನ್’ ವಿಧಾನ ಪ್ರಕಟಿಸಿದರು. ಗಾಜಿಗೆ ರಾಸಾಯನಿಕ ಸವರಿ, ಅದು ಹಸಿಯಾಗಿರುವಾಗಲೇ ಫೋಟೋ ತೆಗೆದು ತೊಳೀಬೇಕು. ಸ್ಟುಡಿಯೋದಲ್ಲಿ ಗಾಜಿನ ಚಾವಣಿಯಿಂದ ಬರೋ ಹಗಲಿನ ಬೆಳಕೇ ಆಧಾರ. ಒಂದು ಚಿತ್ರಕ್ಕೆ ಎಷ್ಟೋ ಸಲ ಹಲವು ಸೆಕೆಂಡು ಬೇಕಿತ್ತು. ದೊಡ್ಡವರು ಹೇಗೋ ಅಲುಗಾಡದೆ ಕೂರ್ತಾರೆ. ಎಂಟು ತಿಂಗಳ ಕೂಸು ಕೂರುತ್ತಾ?

ಅದಕ್ಕೇ ಅಮ್ಮ ತಲೆ ತುಂಬ ಬಟ್ಟೆ ಹೊದ್ದು, ತಾನೇ ಕುರ್ಚಿಯಾಗಿ, ಮಗುನ ತೊಡೆ ಮೇಲೆ ಹಿಡಿದುಕೊಳ್ತಿದ್ದಳು. ಆಮೇಲೆ ನಡುವೆ ಅಂಡಾಕಾರದ ಕಿಂಡಿ ಇರೋ ರಟ್ಟಿನ ಚೌಕಟ್ಟು ಇಟ್ಟರೆ ಅವಳು ಬಹುಪಾಲು ಮರೆ. ಚೌಕಟ್ಟು ಕಳಚಿದ ಫೋಟೋಗಳಲ್ಲೇ ಅವಳು ನಮಗೆ ‘ದೆವ್ವ’ವಾಗಿ ಕಾಣೋದು.

ಹಿಂದೆ ಕಾಣೋ ಕಬ್ಬಿಣದ ಸ್ಟ್ಯಾಂಡ್ ಹೆಣ ನಿಲ್ಲಿಸೋಕೆ ಅಂತಾನೂ ಹೇಳ್ತಾರೆ. ಅದು ಬದುಕಿರೋರ ತಲೆ ಅಲುಗದಿರಲಿ ಅಂತ ಕೊಟ್ಟ ಆಸರೆ, ಅಷ್ಟೇ. ಹೆಣದ ಭಾರ ಹೊರೋ ಶಕ್ತಿ ಅದಕ್ಕಿರಲಿಲ್ಲ.

ಹಾಗಂತ ತೀರಿಕೊಂಡ ಮಕ್ಕಳ ಫೋಟೋ ಇರಲೇ ಇಲ್ಲ ಅಂತಲ್ಲ. ಇದ್ದವು. ಆಗ ಎಳೆ ಮಕ್ಕಳ ಸಾವು ಬಹಳ. ಸಾಮಾನ್ಯವಾಗಿ ಮಗುನ ಮಲಗಿಸಿಯೋ ಅಮ್ಮನ ಮಡಿಲಲ್ಲಿಟ್ಟೋ ತೆಗೀತಿದ್ದರು, ನಿದ್ದೆ ಹೋದ ಹಾಗೆ. ಕೆಲವು ತಂದೆತಾಯಿಗೆ ಮಗುವಿನ ನೆನಪಿಗೆ ಉಳಿದದ್ದು ಅದೊಂದೇ ಚಿತ್ರ. ಅದು ಅವರ ದುಃಖ, ನಮ್ಮ ಲೈಕಿನ ಸರಕಲ್ಲ.

1880ರ ದಶಕದಲ್ಲಿ ಒಣ ಪ್ಲೇಟುಗಳು ಎಲ್ಲೆಡೆ ಬಂದವು. ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಫೋಟೋ ಸಾಧ್ಯವಾಯ್ತು. ಬಟ್ಟೆ ಹೊದೆಯೋ ಅಮ್ಮಂದಿರು ನಿಧಾನಕ್ಕೆ ಕಡಿಮೆಯಾದರು.

ಮುಂದಿನ ಸಲ ಶೇರ್ ಒತ್ತೋ ಮೊದಲು ಸ್ವಲ್ಪ ಜೂಮ್ ಮಾಡಿ. ಮಗುವಿನ ಕೈ ಮಸುಕಾಗಿದೆಯಾ? ಹಾಗಾದರೆ ಅದು ಅಲುಗಾಡಿದೆ, ಬದುಕಿದೆ. ಸೊಂಟದ ಹತ್ತಿರಾನೂ ನೋಡಿ. ಬಿಗಿಯಾಗಿ ಹಿಡಿದಿರೋ ಇನ್ನೊಂದು ಕೈ ಕಾಣಬಹುದು.