ನೀರು ನಮ್ಮದು, ಈಜೂ ನಮ್ಮದಾಗಲಿ



ಕೆರೆಯಲ್ಲಿ ಬಟ್ಟೆ ಒಗೆಯೋರು ನಾವು. ದನಕ್ಕೆ ನೀರು ಕುಡಿಸೋರು ನಾವು. ಹೊಳೆ ದಾಟಿ ಕೂಲಿಗೆ ಹೋಗೋರೂ ನಾವೇ. ಆದರೆ ನಮ್ಮಲ್ಲಿ ಈಜು ಬರೋರು ಎಷ್ಟು ಜನ? ಕೈ ಎತ್ತಿ ನೋಡೋಣ.

ಗಂಡು ಹುಡುಗರು ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಬಾವಿಗೆ ಇಳಿದರು. ಈಜು ಕಲಿತರು. ನಮಗೆ ಮಾತ್ರ "ನೀರಿನ ಹತ್ತಿರ ಹೋಗಬೇಡ" ಅಂದರು. ಹೋಗದೆ ಇರೋಕೆ ಆಗುತ್ತಾ?

2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು 5 ವರ್ಷದೊಳಗಿನ ಮಕ್ಕಳು.

ಹೆಂಗಸರಿಗೆ ಈಜು ಯಾಕೆ ಅಂತ ಕೇಳ್ತಾರೆ. ಕೊರಿಯಾದಲ್ಲಿ ಜೇಜು ಅನ್ನೋ ದ್ವೀಪ ಇದೆ. ಅಲ್ಲಿ ಹೆಂಗಸರೇ ಕಡಲಿಗೆ ಇಳಿದು ಚಿಪ್ಪು, ಕಡಲಪಾಚಿ ತರ್ತಾರೆ. 70 ದಾಟಿದ ಅಜ್ಜಿಯರೂ ಇಳಿಯುತ್ತಾರೆ. ಕೆಳಗೆ ಹೋಗೋಕೆ ಸೊಂಟಕ್ಕೆ ಸೀಸದ ತೂಕ. ಮೇಲೆ ಬಂದು ಹಿಡಿಯೋಕೆ ತೇಲುವ ಬುರುಡೆ. ಹಿಂದೆ ಅದೂ ಸೋರೆ ಬುರುಡೆಯೇ ಆಗಿತ್ತು! 2016ರಲ್ಲಿ ಯುನೆಸ್ಕೊ ಅವರ ವಿದ್ಯೆಗೆ ಮನ್ನಣೆ ಕೊಟ್ಟಿತು.

ಮುಳುಗೋದು ಒಂದು, ತೇಲೋದು ಒಂದು. ಈಜು ಕಲಿಸೋಕೆ ಎರಡೂ ಬೇಕು. ಎರಡನ್ನೂ ಮನೆಯಲ್ಲೇ ಮಾಡಬಹುದು. ಖರ್ಚು ಬಹಳ ಇಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿ, ಮರಳು, ಹಗ್ಗ ಸಾಕು. ಗಾಜಿನ ಬಾಟಲಿ ಬೇಡ. ಔಷಧಿ ಹೊಡೆಯುವ ಡಬ್ಬಿ ಬೇಡವೇ ಬೇಡ, ಅದು ವಿಷ.

ಮೊದಲನೆಯದು, ಮುಳುಗುವ ಬಾಟಲಿ. ಕಾಲು ಲೀಟರಿನ ಬಾಟಲಿಗೆ ಮರಳು ತುಂಬಿ. ಮುಚ್ಚಳ ಬಿಗಿ ಮಾಡಿ. ಕಾಣೋ ಹಾಗೆ ಕತ್ತಿಗೆ ಕೆಂಪು ಬಟ್ಟೆ ಕಟ್ಟಿ. ಮಗುವಿನ ಸೊಂಟದಷ್ಟು ನೀರಿನಲ್ಲಿ ಬಿಡಿ. ಮಗು ಉಸಿರು ಹಿಡಿದು, ಬಗ್ಗಿ, ಬಾಟಲಿ ಎತ್ತಲಿ. ಉಸಿರು ಹಿಡಿಯೋದು, ನೀರಲ್ಲಿ ಕಣ್ಣು ಬಿಡೋದು, ಹೆದರದೆ ಮೇಲೇಳೋದು ಮೂರೂ ಆಟದಲ್ಲೇ ಬರುತ್ತದೆ.

ಎರಡನೆಯದು, ಗಡಿ ಬಾಟಲಿ. ಒಂದು ಲೀಟರಿನ ಬಾಟಲಿಗೆ ಮರಳು ತುಂಬಿ. ಅದಕ್ಕೆ ಹಗ್ಗ ಕಟ್ಟಿ, ಮೊಳಕ್ಕೊಂದು ಗಂಟು ಹಾಕಿ. ನೀರಿಗೆ ಇಳಿಬಿಡಿ. ಎಷ್ಟು ಗಂಟು ನೆನೆಯಿತೋ ಅಷ್ಟು ಮೊಳ ಆಳ. ಹಗ್ಗದ ಮೇಲಿನ ತುದಿಗೆ ಖಾಲಿ ಬಾಟಲಿ ಕಟ್ಟಿ. ಮರಳಿನದು ತಳದಲ್ಲಿ ಕೂರುತ್ತೆ, ಖಾಲಿಯದು ಮೇಲೆ ತೇಲುತ್ತೆ. ಆಳ ಶುರುವಾಗೋ ಮುಂಚೆ ಇಂಥ ಗಡಿ ಹಾಕಿ. ಅದರಾಚೆ ಯಾರೂ ಹೋಗಬಾರದು.

ಮೂರನೆಯದು, ಎಸೆಯುವ ಕ್ಯಾನು. ಹಿಡಿ ಇರುವ 5 ಲೀಟರಿನ ಎಣ್ಣೆ ಕ್ಯಾನು ತೊಳೆದು, ಎರಡು ಬೆರಳಷ್ಟು ನೀರು ಹಾಕಿ. ಪೂರ್ತಿ ಖಾಲಿ ಇದ್ದರೆ ಗಾಳಿಗೆ ಹಾರುತ್ತೆ, ದೂರ ಹೋಗಲ್ಲ. ಸ್ವಲ್ಪ ತೂಕ ಇದ್ದರೆ ಗುರಿ ಸೇರುತ್ತೆ, ತೇಲುತ್ತೆ ಕೂಡ. ಹಿಡಿಗೆ 20 ಮೊಳ ಗಟ್ಟಿ ಹಗ್ಗ ಕಟ್ಟಿ. ಕೃಷಿ ಹೊಂಡಕ್ಕೆ ಇದು ಬಹಳ ಬೇಕು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತೆ. ಈಜು ಬರೋರಿಗೂ ಹತ್ತೋಕೆ ಆಗಲ್ಲ.

ಯಾರಾದರೂ ಬಿದ್ದರೆ ನಾವು ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಹೋಗ್ತಾರೆ. ಕೂಗಿ ಜನ ಸೇರಿಸಿ. ಕ್ಯಾನು ಎಸೆಯಿರಿ. ನೆಲದ ಮೇಲೆ ಮಲಗಿ ಎಳೆಯಿರಿ. ಹಗ್ಗ ಇಲ್ಲವಾ? ಸೀರೆ ಎಸೆಯಿರಿ. ಮಾನಕ್ಕಿಂತ ಜೀವ ದೊಡ್ಡದು. 108ಕ್ಕೆ ಫೋನ್ ಮಾಡಿಸಿ.

ಎರಡು ಎಚ್ಚರಿಕೆ. ಮಗುವಿನ ಮೈಗೆ ಯಾವತ್ತೂ ತೂಕ ಕಟ್ಟಬೇಡಿ. ಜೇಜುವಿನ ಹೆಂಗಸರದು ವರ್ಷಗಟ್ಟಲೆಯ ಅಭ್ಯಾಸ. ಕಲಿಸುವಾಗ ಈಜು ಬಲ್ಲವರೊಬ್ಬರು ನೀರಿನಲ್ಲೇ ಇರಬೇಕು, ಮಗು ಕೈಗೆ ಸಿಗುವಷ್ಟು ಹತ್ತಿರ.

ನಾವೀಗ ಅಕ್ಷರ ಕಲಿತಿದ್ದೇವೆ. ಕ್ಯಾನಿನ ಮೇಲೆ ನಾವೇ ದಪ್ಪಕ್ಷರದಲ್ಲಿ ಬರೆಯೋಣ: "ಜೀವ ಉಳಿಸಲು. ಇಲ್ಲಿಂದ ಒಯ್ಯಬೇಡಿ." ಕೆರೆ ದಂಡೆಯ ಮರಕ್ಕೆ ಒಂದು, ಹೊಂಡದ ಬೇಲಿಗೆ ಒಂದು ತೂಗುಹಾಕೋಣ. ಈ ವಾರವೇ ಆಗಲಿ.