ರೊಟ್ಟಿ ಬಿಟ್ಟು ಗಂಜಿಗೆ ಬಂದವರು



ಊಟದ ನಡುವೆ ಅಜ್ಜನಿಗೆ ಕೆಮ್ಮು ಬಂದರೆ ಮನೆಯವರು ನೆತ್ತಿ ತಟ್ಟಿ, ‘ಯಾರೋ ನೆನೆಸಿಕೊಂಡರು’ ಅನ್ನುತ್ತಾರೆ. ಅಪರೂಪಕ್ಕೊಮ್ಮೆಯಾದರೆ ಸರಿ. ದಿನಾ ನೀರು ಕುಡಿದಾಗಲೆಲ್ಲ ಹೀಗಾಗುತ್ತಿದ್ದರೆ ನಾವು ವೈದ್ಯರನ್ನು ನೆನೆಸಿಕೊಳ್ಳಬೇಕು.

ಗಂಟಲಿನಲ್ಲಿ ಅನ್ನಕ್ಕೂ ಉಸಿರಿಗೂ ದಾರಿ ಒಂದೇ. ನುಂಗುವಾಗ ಉಸಿರು ತಡೆಯುತ್ತದೆ, ಧ್ವನಿಪೆಟ್ಟಿಗೆ ಮೇಲೆ ಸರಿದು ಶ್ವಾಸನಾಳದ ಬಾಯಿ ಮುಚ್ಚುತ್ತದೆ, ತುತ್ತು ಅನ್ನನಾಳಕ್ಕೆ ಜಾರುತ್ತದೆ. ಇಷ್ಟೆಲ್ಲ ಆಗುವುದು ಸುಮಾರು 1 ಸೆಕೆಂಡಿನಲ್ಲಿ. ಲಕ್ವ ಹೊಡೆದವರಲ್ಲಿ, ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಈ ತಾಳ ತಪ್ಪಬಹುದು. ಆಗ ಗಟ್ಟಿ ಆಹಾರಕ್ಕಿಂತ ನೀರೇ ಹೆಚ್ಚು ಕಷ್ಟ, ಏಕೆಂದರೆ ಅದು ಬೇಗ ಹರಿಯುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ನುಂಗಿದ್ದು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹಾಗಾಗಿ ಲಕ್ವ ಹೊಡೆದವರ ಬಾಯಿಗೆ ಗಾಬರಿಯಲ್ಲಿ ನೀರು ಹಾಕಬೇಡಿ. ಮೊದಲು ಆಸ್ಪತ್ರೆ.

ತೊಂದರೆ ಅನ್ನನಾಳದಲ್ಲಿದ್ದರೆ ಕಥೆ ಬೇರೆ. ಮುದ್ದೆಯನ್ನು ಅಗಿಯದೆ ನುಂಗಿ ರೂಢಿಯಿದ್ದವರು ಒಂದು ದಿನ ತುತ್ತು ಎದೆಯಲ್ಲೇ ನಿಂತಿತು ಅನ್ನುತ್ತಾರೆ. ಮೊದಲು ಗಟ್ಟಿಯದು, ಆಮೇಲೆ ಮೆತ್ತಗಿನದು, ಕೊನೆಗೆ ನೀರೂ ಇಳಿಯದಾದರೆ ನಾಳ ಕಿರಿದಾಗುತ್ತಿದೆ ಎಂದು ಅರ್ಥ. ಹೊಟ್ಟೆಯಿಂದ ಮೇಲೇರುವ ಆಮ್ಲದಿಂದಾದ ಗಾಯದ ಕಲೆಯಿರಬಹುದು, ಕ್ಯಾನ್ಸರ್ ಇರಬಹುದು. ಗಟ್ಟಿಯದೂ ನೀರೂ ಮೊದಲಿನಿಂದಲೇ ಒಟ್ಟಿಗೆ ನಿಂತರೆ, ನಾಳದ ಸ್ನಾಯುಗಳ ಚಲನೆಯಲ್ಲೇ ದೋಷವಿರುವ ಸಂಭವ ಹೆಚ್ಚು.

ನನಗೆ ಭಯ ಹುಟ್ಟಿಸುವುದು ಕಾಯಿಲೆಗಿಂತ ನಮ್ಮ ಹೊಂದಾಣಿಕೆ. ರೊಟ್ಟಿ ಇಳಿಯದಿದ್ದರೆ ಅನ್ನ-ಸಾರು, ಅದೂ ಕಷ್ಟವಾದರೆ ಗಂಜಿ. ‘ವಯಸ್ಸಾಯ್ತಲ್ಲ’ ಎಂಬ ಸಮಾಧಾನ ಬೇರೆ. ಹೀಗೆ ತಿಂಗಳುಗಳು ಜಾರುತ್ತವೆ, ತೂಕ ಇಳಿಯುತ್ತದೆ. ವಯಸ್ಸಾದರೆ ನುಂಗುವುದು ತುಸು ನಿಧಾನವಾಗಬಹುದು, ಅಷ್ಟೇ. ತುತ್ತು ಸಿಕ್ಕಿಕೊಳ್ಳುವುದು ವಯಸ್ಸಿನ ಸಹಜ ಗುಣವಲ್ಲ.

ಎದೆಯಲ್ಲಿ ನಿಂತಂತಾದರೆ ಹೊಟ್ಟೆ-ಕರುಳಿನ ತಜ್ಞರು ಎಂಡೋಸ್ಕೋಪಿ ಮಾಡಿ ನೋಡುತ್ತಾರೆ. ಅದಕ್ಕೆ ಹೆದರಬೇಕಿಲ್ಲ, ಕೆಲವೇ ನಿಮಿಷಗಳ ಕೆಲಸ. ಗಂಟಲಲ್ಲೇ ತೊಡಕು, ದನಿ ಬದಲಾವಣೆ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರು. ಕೈಕಾಲು ಬಲಹೀನತೆಯೂ ಸೇರಿದ್ದರೆ ನರರೋಗ ತಜ್ಞರು. ಅನೇಕರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಮಾತು ಕಲಿಸುವ ವಾಕ್‌ಚಿಕಿತ್ಸಕರೇ ನುಂಗುವುದನ್ನೂ ಕಲಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೇವೆಯಿದೆ. ಗದ್ದ ತಗ್ಗಿಸಿ ನುಂಗುವುದು, ದ್ರವವನ್ನು ಅಂಬಲಿಯಷ್ಟು ಮಂದ ಮಾಡುವುದು, ಇಂಥ ಉಪಾಯಗಳಿವೆ. ಆದರೆ ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಅಪಾಯವಾಗಬಹುದು. ಪರೀಕ್ಷೆಯಾಗದೆ ಮನೆಯಲ್ಲಿ ಪ್ರಯೋಗ ಬೇಡ.

ವೈದ್ಯರ ಬಳಿ ಹೋಗುವಾಗ ಯಾವುದು ಇಳಿಯುತ್ತಿಲ್ಲ, ಯಾವಾಗಿನಿಂದ, ತೂಕ ಎಷ್ಟು ಇಳಿದಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸ್ವಂತ ಜೊಲ್ಲನ್ನೂ ನುಂಗಲಾಗದಿದ್ದರೆ ಚೀಟಿ ಬರೆಯುತ್ತಾ ಕೂರಬೇಡಿ, ಕೂಡಲೇ ತುರ್ತು ಚಿಕಿತ್ಸೆಗೆ ಹೊರಡಿ.