ನಮ್ಮ ಬೆಟ್ಟದ ಗಿಡಕ್ಕೂ ಒಂದು ದಫ್ತರು ಬೇಕು
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಲ್ಲಿ ಸಂಘ ಎಷ್ಟು ಸಾಲ ಕೊಟ್ಟಿತು, ಎಷ್ಟು ವಸೂಲಾಯಿತು, ಎಷ್ಟು ಗೊಬ್ಬರ ಮಾರಿತು ಎಂಬುದನ್ನು ಕಾರ್ಯದರ್ಶಿಗಳು ಈಗಷ್ಟೇ ಓದಿ ಹೇಳಿದ್ದಾರೆ. ಪೈಸೆ ಪೈಸೆಯ ಲೆಕ್ಕ ದಫ್ತರಿನಲ್ಲಿದೆ. ಆದರೆ ನಮ್ಮ ಸೊಪ್ಪಿನ ಬೆಟ್ಟದಲ್ಲಿ, ಹೊಳೆಸಾಲಿನಲ್ಲಿ ಏನೇನು ಗಿಡಮರ ಇದೆ ಎಂಬ ಲೆಕ್ಕವನ್ನು ನಾವು ಇನ್ನೂ ಬರೆದಿಟ್ಟಿಲ್ಲ. ಅದರ ಬಗ್ಗೆ ಎರಡು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇವೆ.

ಗಿಡದ ಶಾಸ್ತ್ರ ಓದಿದವರ ಕೆಲಸ, ತೋಟ ಮಾಡುವವರಿಗೆ ಅದು ಯಾಕೆ ಅಂತ ಕೆಲವರು ಕೇಳಬಹುದು. ನಾವೂ ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕೆ ಇಳಿದವರೇ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಗಿಡಗಳನ್ನು ಮೊದಮೊದಲು ಕೂಡಿಸಿಟ್ಟವರಲ್ಲಿ ಹವ್ಯಾಸಕ್ಕಾಗಿ ಮಾಡಿದವರೂ ಇದ್ದರು. ಬ್ರಿಟಿಷರ ಕಾಲದಲ್ಲಿ ಟಿ. ಆರ್. ಬೆಲ್ ಎಂಬ ಅರಣ್ಯಾಧಿಕಾರಿ, ಸೆಜ್‌ವಿಕ್ ಎಂಬ ಐ.ಸಿ.ಎಸ್. ಅಧಿಕಾರಿ ಇಬ್ಬರೂ ಸೇರಿ ಇಲ್ಲಿನ ಕಾಡು ತಿರುಗಿದರು. ಹೂವು ಕಾಯಿ ಇರುವ ಟೊಂಗೆ ಒಣಗಿಸಿ, ಊರು ತಾರೀಖು ಬರೆದಿಟ್ಟರು. ಅವರು ಕೂಡಿಸಿದ್ದು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನ ಸಸ್ಯಸಂಗ್ರಹಕ್ಕೆ ಸೇರಿತು. ಬೆಲ್ ಸಾಹೇಬರು ನಿವೃತ್ತಿಯ ಮೇಲೂ ಕಾರವಾರ ಬಿಡಲಿಲ್ಲ. 1948ರಲ್ಲಿ ಅಲ್ಲಿಯೇ ತೀರಿಕೊಂಡರು.

ಪಕ್ಕದ ವಯನಾಡಿನಲ್ಲಿ ವೋಲ್ಫ್‌ಗಾಂಗ್ ಥೋಯರ್‌ಕಾಫ್ ಎಂಬ ಜರ್ಮನಿಯವರು 1981ರಲ್ಲಿ ಗುರುಕುಲ ಸಸ್ಯಧಾಮ ಕಟ್ಟಿದರು. ಸಸ್ಯಶಾಸ್ತ್ರದ ಡಿಗ್ರಿ ಅವರಲ್ಲಿ ಇರಲಿಲ್ಲ. ಕಾಡು ಕಡಿದಲ್ಲಿ, ರಸ್ತೆ ಅಗೆದಲ್ಲಿ ಸಾಯಲಿದ್ದ ಗಿಡಗಳನ್ನು ತಂದು ಬೆಳೆಸಿದರು. ಅಲ್ಲಿ ದಿನವೂ ದುಡಿದು ಗಿಡ ಬೆಳೆಸುವವರಲ್ಲಿ ಸುತ್ತಲ ಹಳ್ಳಿಯ ಹೆಂಗಸರೇ ಹೆಚ್ಚು. ಅವರು 2014ರಲ್ಲಿ ತೀರಿಕೊಂಡರು, ತೋಟ ಉಳಿದಿದೆ. ನಮ್ಮ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ಅಮ್ಮನವರು ಶಾಲೆಗೇ ಹೋದವರಲ್ಲ. ಯಾವ ತಾಯಿಮರದ ಬೀಜ ಯಾವಾಗ ಹೆಕ್ಕಬೇಕು ಎಂಬುದು ಅವರಿಗೆ ಬಾಯಿಪಾಠ. 2020ರ ಸಾಲಿನ ಪದ್ಮಶ್ರೀ ಅವರಿಗೆ ಬಂತು. 2024ರ ಡಿಸೆಂಬರಿನಲ್ಲಿ ಅವರು ಹೋದರು. ಬರೆದಿಡದಿದ್ದರೆ ಇಂಥವರ ತಿಳಿವಳಿಕೆಯೂ ಅವರ ಜೊತೆಗೇ ಹೋಗುತ್ತದೆ.

ಕಾಡಿನಲ್ಲಿ ಹೊಸತೇನು ಉಳಿದಿದೆ ಎನ್ನಬೇಡಿ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ವರ್ಷವಿಡೀ ನೀರು ಒಸರುವ ಕಾಡಿನಲ್ಲಿ, ಕಾಡುಗೇರಿನ ಕುಲದ ಒಂದು ಮರ ಹೊಸ ಜಾತಿ ಎಂದು ಲೋಕಕ್ಕೆ ತಿಳಿದದ್ದು 2000ನೇ ಇಸವಿಯಲ್ಲಿ. ಅದರ ಶಾಸ್ತ್ರೀಯ ಹೆಸರಿನಲ್ಲಿ ಕತ್ತಲೆಕಾನಿನ ಹೆಸರೇ ಸೇರಿದೆ. ಅಂಥ ಜಡ್ಡಿಯ ನೀರನ್ನು ತೋಟಕ್ಕೆ ತಿರುಗಿಸಿದರೆ ಆ ಮರಕ್ಕೆ ಬೇರೆ ಮನೆ ಇಲ್ಲ.

ಇನ್ನು ನಮ್ಮ ಮನೆಬಾಗಿಲ ವಿಷಯ. 1990ರ ದಶಕದಲ್ಲಿ ಉಪ್ಪಾಗೆಗೆ ದರ ಬಂದಾಗ ಜನ ಕಾಯಿ ಬಲಿಯುವ ಮೊದಲೇ ಕೊಯ್ದರು, ಕೊಂಬೆಯನ್ನೇ ಕಡಿದು ಕೆಡವಿದರು. ಕಾಯಿ ಬಿಡುವುದಿಲ್ಲ ಅಂತ ಗಂಡುಮರ ಕಡಿದರೆ ಹೆಣ್ಣುಮರಕ್ಕೆ ಪರಾಗ ಎಲ್ಲಿಂದ ಬರಬೇಕು? ಅಪ್ಪೆಮಿಡಿಯದೂ ಅದೇ ಕಥೆ. ಒಂದೊಂದು ಮರಕ್ಕೆ ಒಂದೊಂದು ಪರಿಮಳ, ಒಂದೊಂದು ರುಚಿ. ಗೊರಟು ಬಿತ್ತಿದರೆ ಅದೇ ರುಚಿ ಬಂದೀತೆಂಬ ಭರವಸೆ ಇಲ್ಲ, ಅದೇ ಮರದ ಕಡ್ಡಿ ತಂದು ಕಸಿ ಕಟ್ಟಬೇಕು. ಅನಂತಭಟ್ಟನ ಅಪ್ಪೆ, ಮಾಳಂಜಿ ಮುಂತಾದ ತಳಿಗಳನ್ನು ಹೀಗೆ ಕಸಿ ಕಟ್ಟಿ ಉಳಿಸಿದವರಲ್ಲಿ ಮಲೆನಾಡಿನ ರೈತರೇ ಮುಂದು. ಹೊಳೆದಂಡೆಯ ಒಂದು ಮರ ಬಿದ್ದರೆ ಆ ಉಪ್ಪಿನಕಾಯಿಯ ರುಚಿಯೇ ಲೋಕದಿಂದ ಹೋದಂತೆ.

ಹಾಗಾಗಿ ನಮ್ಮ ಸೂಚನೆ ಇಷ್ಟೇ. ಸಂಘದ ಕಚೇರಿಯಲ್ಲಿ ಒಂದು ದಪ್ಪ ನೋಟುಬುಕ್ ಇಡೋಣ. ಯಾರು ಯಾವ ಗಿಡ ಕಂಡರೂ ಊರಿನ ಹೆಸರು, ಜಾಗ, ತಾರೀಖು, ಹೂವಿನ ಬಣ್ಣ, ಉಪಯೋಗ ಬರೆಯಲಿ. ಹೂವು, ಎಲೆಯ ಹಿಂಭಾಗ, ತೊಗಟೆ ಮೂರರ ಫೋಟೋ ಮೊಬೈಲಿನಲ್ಲಿ ತೆಗೆಯಲಿ. ಹೂವಿರುವ ಸಣ್ಣ ಟೊಂಗೆಯನ್ನು ಹಳೇ ಪೇಪರಿನ ನಡುವೆ ಒತ್ತಿ, ದಿನವೂ ಪೇಪರು ಬದಲಿಸಿ ಒಣಗಿಸಿದರೆ ಕಾಲೇಜಿನ ಮೇಷ್ಟರಿಗೆ ತೋರಿಸಬಹುದು. ಒಂದೆರಡೇ ಇರುವ ಗಿಡವಾದರೆ ಕೀಳಬೇಡಿ, ಫೋಟೋ ಸಾಕು. ಅಪರೂಪದ ಸೀತಾಳೆದಂಡೆ ಇರುವ ಜಾಗ ವ್ಯಾಪಾರಸ್ಥರ ಕಿವಿಗೆ ಬೀಳಬಾರದು, ಆ ಪುಟ ಬೀಗದೊಳಗೆ ಇರಲಿ.

ಇದಕ್ಕೆ ಕಾನೂನಿನ ಬಲವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರನ್ನು ಕೇಳಿ ದಾಖಲೆ ಪುಸ್ತಕ ಬರೆಯಬೇಕು. ನಮ್ಮ ನೋಟುಬುಕ್ ಆ ಕೆಲಸಕ್ಕೆ ಆಧಾರವಾದೀತು.

ಮೊದಲ ಪುಟಗಳನ್ನು ಊರಿನ ಅಜ್ಜಿಯಂದಿರ ಹತ್ತಿರ, ನಾಟಿವೈದ್ಯರ ಹತ್ತಿರ ಕೇಳಿ ಹೈಸ್ಕೂಲು ಮಕ್ಕಳು ಬರೆಯಲಿ. ತಂಬುಳಿಗೆ ಎಷ್ಟು ಬಗೆಯ ಕುಡಿ ಬರುತ್ತದೆ ಎಂದು ಕೇಳಿದರೆ ಸಾಕು, ಪುಟ ತಾನಾಗಿ ತುಂಬುತ್ತದೆ. ಸಾಲದ ಬಾಕಿ ಈ ವರ್ಷ ಅಲ್ಲದಿದ್ದರೆ ಮುಂದಿನ ವರ್ಷ ತೀರೀತು. ಹೋದ ಗಿಡ ಮತ್ತೆ ಬರುವುದಿಲ್ಲ.